ವರ್ಮೀರ್ ಅವರ ಹಾಲು ಸುರಿಯುವ ಹೆಂಗಸಿನ ಚಿತ್ರದಲ್ಲಿ ಅಂಥದ್ದೇನಿದೆ?

ಕೆಲಸದಾಕೆಯೊಬ್ಬಳು ಪಾತ್ರೆಗೆ ಹಾಲು ಸುರಿಯುತ್ತಿದ್ದಾಳೆ, ಅಷ್ಟೇ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ಊರಿನ ಚಿತ್ರಕಾರ ಯೊಹಾನೆಸ್ ವರ್ಮೀರ್ 1660ರ ಆಸುಪಾಸಿನಲ್ಲಿ ಬಿಡಿಸಿದ ಈ ಚಿತ್ರ ಈಗ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿದೆ. ಎತ್ತರ ಬರೀ 45.5 ಸೆಂ.ಮೀ.

ಮೊದಲು ಅವಳ ಹಿಂದಿನ ಗೋಡೆ ನೋಡಿ. ಖಾಲಿ ಅನ್ನಿಸುತ್ತದೆ, ಅಲ್ವಾ? ಅವಸರ ಬೇಡ, ಸುಮ್ನೆ ನೋಡ್ತಾ ಇರಿ. ಒಂದು ಮೊಳೆ, ಅದರ ಪುಟ್ಟ ನೆರಳು, ಹಳೇ ಮೊಳೆ ಕಿತ್ತ ತೂತುಗಳು ಒಂದೊಂದಾಗಿ ಕಾಣುತ್ತವೆ. ವರ್ಮೀರ್ ಇಲ್ಲಿ ಮೊದಲು ಹೂಜಿ ನೇತುಹಾಕುವ ಹಲಗೆಯೊಂದನ್ನು ಬರೆಯಲು ಶುರುಮಾಡಿ, ಆಮೇಲೆ ಮುಚ್ಚಿಬಿಟ್ಟಿದ್ದರು. ಸ್ಕ್ಯಾನ್ ಮಾಡಿದಾಗ ಸಿಕ್ಕ ಈ ಸಂಗತಿ 2022ರಲ್ಲಿ ಹೊರಬಂತು. ಆ ಹಲಗೆ ಇಲ್ಲದ್ದರಿಂದಲೇ ನಮ್ಮ ಕಣ್ಣು ಸೀದಾ ಹಾಲಿನ ಎಳೆಗೆ ಹೋಗುತ್ತದೆ.

ಬ್ರೆಡ್ಡಿನ ಮೇಲೆ ಬೆಳಕು ಚುಕ್ಕಿ ಚುಕ್ಕಿಯಾಗಿ ಕೂತಿದೆ. ಇನ್ನು ನೀಲಿ ಏಪ್ರನ್. ಅದು ಲಾಪಿಸ್ ಲಾಜುಲಿ ಕಲ್ಲು ಅರೆದು ಮಾಡಿದ ಬಣ್ಣ, ಆ ಕಾಲಕ್ಕೆ ತುಂಬಾ ದುಬಾರಿ. ಅದನ್ನು ಅಡುಗೆಮನೆಯ ಹೆಂಗಸಿಗೆ ಧಾರಾಳವಾಗಿ ಬಳಸಿದ್ದಾರಲ್ಲ, ನನಗೆ ಅದೇ ಜಾಸ್ತಿ ಇಷ್ಟ. ಅವಳ ಕೈಯನ್ನೂ ನೋಡಿ: ಮಣಿಕಟ್ಟಿನ ಹತ್ತಿರ ಬಿಸಿಲಿಗೆ ಕಂದಿದೆ, ಅಂಗಿಯ ತೋಳು ಮಡಚಿದ ಕಡೆ ಬೆಳ್ಳಗಿದೆ.