ಬಿ.ಎ.ಯಲ್ಲಿ ಸಮಾಜಶಾಸ್ತ್ರ ಓದಿದರೆ ನಿಜಕ್ಕೂ ಉಪಯೋಗ ಇದೆಯಾ?

ಮಗಳು ಸಮಾಜಶಾಸ್ತ್ರ, ಅರ್ಥಶಾಸ್ತ್ರ ತಗೋತೀನಿ ಅಂದಾಗ ಮನೆಯವರೆಲ್ಲ ‘ಅದನ್ನು ಓದಿ ಏನು ಮಾಡ್ತಾಳೆ?’ ಅಂದರು ಎಂದು ಬರೆದಿದ್ದೀರಿ. ಉಪಯೋಗ ಖಂಡಿತ ಇದೆ. ಸಿಇಟಿಯಲ್ಲಿ ಬಾರದ್ದು ಓದೇ ಅಲ್ಲ ಅನ್ನುವ ಭಾವನೆ ಬೆಂಗಳೂರಿನಲ್ಲಿ ಬೇರೂರಿರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

1994ರಲ್ಲಿ ಅರ್ಥಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪಾಲ್ ಇದೇ ಊರಿನಲ್ಲಿ ಮನೆಗಳ ಸಮೀಕ್ಷೆ ನಡೆಸಿ ನೀರು, ಕರೆಂಟು, ಪಾಲಿಕೆ, ಬಿಡಿಎ ಸೇವೆಗಳಿಗೆ ಜನರಿಂದಲೇ ಅಂಕ ಕೊಡಿಸಿದರು. 1999 ಮತ್ತು 2003ರಲ್ಲಿ ಮತ್ತೆ ನಡೆಯಿತು. ಬರೀ ಗೊಣಗಾಟ ಅನ್ನಿಸಿಕೊಳ್ಳುತ್ತಿದ್ದದ್ದು ವರ್ಷದಿಂದ ವರ್ಷಕ್ಕೆ ಹೋಲಿಸಬಹುದಾದ ಲೆಕ್ಕವಾಯಿತು. 2003ರ ಹೊತ್ತಿಗೆ ಜನರ ತೃಪ್ತಿ ಸ್ಪಷ್ಟವಾಗಿ ಏರಿತ್ತು.

ಇದರ ಹಿಂದಿನ ಕಸುಬು ನೋಡಿ, ಸಮಾಜಶಾಸ್ತ್ರ, ಅರ್ಥಶಾಸ್ತ್ರದಲ್ಲಿ ಕಲಿಯುವುದು ಇದನ್ನೇ. 2,400 ಮನೆಗಳ ಬಡಾವಣೆಯಲ್ಲಿ ನೀರಿನ ಸ್ಥಿತಿ ತಿಳಿಯಬೇಕು ಅಂದುಕೊಳ್ಳಿ. ಮೊದಲು ಔಟ್‌ಹೌಸು, ಮೂರನೇ ಮಹಡಿಯ ಬಾಡಿಗೆ ಮನೆಯೂ ಸೇರುವಂತೆ ಪಟ್ಟಿ ಮಾಡಬೇಕು. 1ರಿಂದ 6ರೊಳಗೆ ಚೀಟಿ ಎತ್ತಿ, ಆ ಮನೆಯಿಂದ ಶುರುಮಾಡಿ ಪ್ರತಿ ಆರನೆಯದಕ್ಕೆ ಹೋದರೆ 400 ಮನೆ. ಫಲಿತಾಂಶ ಸುಮಾರು ಶೇ. 5ರಷ್ಟು ಆಚೀಚೆ ಇರುತ್ತದೆ. ಆದರೆ ಪ್ರತಿ ಸಾಲಿನಲ್ಲೂ ಸರಿಯಾಗಿ ಆರೇ ಮನೆಗಳಿದ್ದರೆ ಮೂಲೆ ಮನೆಗಳೇ ಸಿಕ್ಕಿಬಿಡಬಹುದು. ಆಗ ಅಂತರ ಬದಲಿಸಬೇಕು.

ಹೆಚ್ಚಾಗಿ ಕೆಡುವುದು ಬೀಗ ಹಾಕಿದ ಮನೆಯ ಹತ್ತಿರ. ಪಕ್ಕದ ಮನೆಯನ್ನು ಕೇಳಿ ಮುಗಿಸುತ್ತಾರೆ. ಹಗಲು ಮನೆಯಲ್ಲಿ ಇರುವವರ ಮಾತೇ ತುಂಬಿಕೊಂಡು, ಗಂಡ ಹೆಂಡತಿ ಇಬ್ಬರೂ ದುಡಿಯುವ ಬಾಡಿಗೆದಾರರು ಲೆಕ್ಕದಿಂದ ಬಿಟ್ಟುಹೋಗುತ್ತಾರೆ. ಸಂಜೆಯೋ ಭಾನುವಾರವೋ ಅದೇ ಬಾಗಿಲಿಗೆ ಮತ್ತೆ ಹೋಗಲೇಬೇಕು. ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪುಗಳಲ್ಲಿ ಫಾರಂ ಹಂಚಿ ಸಾವಿರ ಉತ್ತರ ತಂದರೂ ಈ 400ಕ್ಕೆ ಸಮವಲ್ಲ.

ಪ್ರಶ್ನೆಯೂ ಅಷ್ಟೇ ಮುಖ್ಯ. ‘ನೀರು ಸರಿಯಾಗಿ ಬರುತ್ತಾ?’ ಅಂದರೆ ಬೋರ್‌ವೆಲ್, ದೊಡ್ಡ ಸಂಪು ಇರುವವರು ಹೌದು ಅಂದುಬಿಡುತ್ತಾರೆ. ‘ಕಳೆದ ಏಳು ದಿನದಲ್ಲಿ ಕಾವೇರಿ ನೀರು ಎಷ್ಟು ದಿನ ಬಂತು? ಟ್ಯಾಂಕರ್‌ಗೆ ಎಷ್ಟು ಕೊಟ್ಟಿರಿ?’ ಅಂತ ಕೇಳಬೇಕು. ಉತ್ತರಗಳನ್ನು ಮಾಲೀಕರು, ಬಾಡಿಗೆದಾರರು ಅಂತ ಬೇರ್ಪಡಿಸಿದಾಗಲೇ ಯಾರಿಗೆ ಕೊರತೆ ಅಂತ ತಿಳಿಯುವುದು.

ಬರೀ ನೋಟ್ಸ್ ಉರು ಹೊಡೆದು ಡಿಗ್ರಿ ಪಡೆದರೆ ಕೆಲಸ ಸಿಗುವುದು ಕಷ್ಟ, ನಿಮ್ಮ ಮನೆಯವರ ಆತಂಕದಲ್ಲಿ ಆ ಮಟ್ಟಿಗೆ ಹುರುಳಿದೆ. ಮೊದಲ ವರ್ಷದಿಂದಲೇ ಸಂಖ್ಯಾಶಾಸ್ತ್ರ, ಎಕ್ಸೆಲ್ ಕಲಿಯಲಿ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ದತ್ತಾಂಶ ಕೇಂದ್ರ ಸಾಂಖ್ಯಿಕ ಸಚಿವಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಕರ್ನಾಟಕದ ಮನೆಗಳನ್ನು ಬೇರ್ಪಡಿಸಿ ಒಂದು ಕೋಷ್ಟಕ ಮಾಡುವುದರಿಂದ ಶುರುಮಾಡಬಹುದು.