ವಿ.ವಿ. ಪುರಂ ತಿಂಡಿ ಬೀದಿಯಲ್ಲಿ ವೀಗನ್ ಗೆಳತಿಗೆ ಏನು ಸಿಗುತ್ತೆ?

ಜರ್ಮನಿಯಿಂದ ಬರುವ ವೀಗನ್ (ಪ್ರಾಣಿಗಳಿಂದ ಬಂದ ಯಾವುದನ್ನೂ ತಿನ್ನದ) ಗೆಳತಿಯನ್ನು ಬೆಂಗಳೂರಿನ ವಿ.ವಿ. ಪುರಂ ಫುಡ್ ಟೂರ್‌ಗೆ ಕರೆದುಕೊಂಡು ಹೋದರೆ ಅವಳಿಗೆ ತಿನ್ನಲು ಏನಾದರೂ ಸಿಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಸಿಗುತ್ತೆ, ಹೋಗಿ. ಆದರೆ ಬುಕ್ ಮಾಡುವಾಗಲೇ ಗೈಡ್‌ಗೆ ಬಿಡಿಸಿ ಹೇಳಿ: ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು ಯಾವುದೂ ಬೇಡ. ಸುಮ್ನೆ 'ಪ್ಯೂರ್ ವೆಜ್' ಅಂದರೆ ಸಾಲದು.

ನಾನು ವೀಗನ್ ಆಗಿ ನಾಲ್ಕು ವರ್ಷ ಆಯಿತು. ಅಲ್ಲಿ ಜಾಸ್ತಿ ಕಾಡುವುದು ಬೆಣ್ಣೆ, ತುಪ್ಪವೇ. ದೋಸೆ ಕಾವಲಿ ಮುಂದೆ ನಿಂತು, ಹಿಟ್ಟು ಹುಯ್ಯುವ ಮೊದಲೇ 'ಎಣ್ಣೆ ಮಾತ್ರ ಹಾಕಿ' ಅನ್ನಬೇಕು. ಹಿಂದಿನ ದೋಸೆಯ ಬೆಣ್ಣೆ ಕಾವಲಿ ಮೇಲೆ ಇನ್ನೂ ಚುರುಗುಡುತ್ತಿರುತ್ತೆ, ಅಲ್ವಾ? ನೀರು ಚಿಮುಕಿಸಿ ಗುಡಿಸಿಕೊಡಿ ಅಂತ ಕೇಳಿ. ನನಗೆ ಯಾರೂ ಇಲ್ಲ ಅಂದಿಲ್ಲ. ಹೋಳಿಗೆಯನ್ನೂ ತುಪ್ಪ ಹಾಕಿದ್ದೀರಾ ಅಂತ ಕೇಳದೆ ಕೊಳ್ಳಬೇಡಿ. ರವೆ ಇಡ್ಲಿ ಮಾತ್ರ ಬಿಟ್ಟುಬಿಡಿ, ಅದರ ಹಿಟ್ಟಿನಲ್ಲೇ ಮೊಸರು ಇರುತ್ತೆ.

ಅಕ್ಕಿ ರೊಟ್ಟಿ, ನಿಪ್ಪಟ್ಟು ಮಸಾಲೆ ತಿನ್ನಬಹುದು, ರೊಟ್ಟಿ ಮೇಲೆ ಬೆಣ್ಣೆ ಇಡದಂತೆ ನೋಡಿಕೊಳ್ಳಿ. ಕಾಫಿ ಬೇಕಂದರೆ ಹಾಲಿಲ್ಲದ ಡಿಕಾಕ್ಷನ್ ಕೇಳಿ. ಡಿಸೆಂಬರ್-ಜನವರಿಯಲ್ಲಿ ಬಂದರಂತೂ ಅವರೆಕಾಯಿ ಕಾಲ. ಹಿತುಕಿದ ಬೇಳೆ ಹಾಕಿದ ದೋಸೆಯಲ್ಲಿ ಹಸಿರು ಬೇಳೆಗಳು ಹಿಟ್ಟಿಗೆ ಅಂಟಿಕೊಂಡು, ಅಂಚಿನವು ಕೆಂಪಗೆ ಗರಿಗರಿ ಆಗಿರುತ್ತವೆ. ಅದನ್ನು ಅವಳಿಗೆ ಬಿಸಿಬಿಸಿ ಇರುವಾಗಲೇ ತಿನ್ನಿಸಿ.