ಜೈಲಿನ ನಕ್ಷೆ ಬರೆಯುವ ಮೊದಲು ಗೇಟಿನ ಹೊರಗೆ ನಿಲ್ಲಿ

ವಾಸ್ತುಶಿಲ್ಪದ ಅಂತಿಮ ವರ್ಷದ ಯೋಜನೆಗೆ ‘ಮಾನವೀಯ ಜೈಲು’ ವಿನ್ಯಾಸ ಮಾಡಲೇ, ಅನುಮತಿ ಸಿಗದಿದ್ದರೆ ಯಾವುದಾದರೂ ಕೊಳೆಗೇರಿಯ ಜನರೊಂದಿಗೆ ಕೆಲಸ ಮಾಡಲೇ ಎಂದು ಕೇಳಿದ್ದೀರಿ. ನನ್ನನ್ನೂ ಇದೇ ಪ್ರಶ್ನೆ ಕಾಡಿತ್ತು. ಇವು ಎರಡು ಬೇರೆ ವಿಷಯಗಳಲ್ಲ. ಒಳಗಿರುವವರು ಯಾವ ಕೇರಿಗಳಿಂದ ಬಂದರೋ, ಅದೇ ಕೇರಿಗಳ ತಾಯಂದಿರು, ಹೆಂಡಂದಿರು ಕೈದಿಗಳನ್ನು ನೋಡಲು ಬಿಡುವ ಸಂದರ್ಶನದ ದಿನ ಗೇಟಿನ ಹೊರಗೆ ನಿಂತಿರುತ್ತಾರೆ.

ನಮ್ಮ ತಂಡಕ್ಕೆ ಒಂದು ಕಾರಾಗೃಹದ ಹೊರ ಆವರಣದಲ್ಲಿ ಕೆಲಸ ಮಾಡಲು ಒಪ್ಪಿಗೆ ಸಿಕ್ಕಿತ್ತು. ಕೈದಿಗಳನ್ನು ನೋಡಲು ಬರುವವರಿಗೆ ತಂಗುದಾಣವೊಂದನ್ನು ವಿನ್ಯಾಸ ಮಾಡುವುದು ನಮ್ಮ ಉದ್ದೇಶ. ಬಂದವರು ಆಧಾರ್ ಕಾರ್ಡಿನ ಜೆರಾಕ್ಸ್ ಕೊಟ್ಟು ಹೆಸರು ಬರೆಸಿ, ಸಿಬ್ಬಂದಿ ಕಿಟಕಿಯಿಂದ ಹೆಸರು ಕೂಗುವವರೆಗೆ ಕಾಯಬೇಕಿತ್ತು. ಕಿಟಕಿಯ ಮುಂದೆ ನೆರಳಿರಲಿಲ್ಲ. ಆವರಣದ ಇನ್ನೊಂದು ತುದಿಯಲ್ಲಿ ದೊಡ್ಡ ಹುಣಸೆಮರವಿತ್ತು, ಅದರ ಕೆಳಗೆ ಯಾರೂ ಕೂರುತ್ತಿರಲಿಲ್ಲ. ಮಕ್ಕಳನ್ನು ಸೊಂಟದ ಮೇಲೆ ಹೊತ್ತವರೂ ಬಿಸಿಲಲ್ಲೇ ನಿಂತಿರುತ್ತಿದ್ದರು.

ಏಕೆ ಎಂದು ನಾವು ಯೋಚಿಸಲಿಲ್ಲ. ಪ್ರಶ್ನಾವಳಿ ಹಿಡಿದು, ವಯಸ್ಸಾದ ಒಬ್ಬ ತಾಯಿಯನ್ನು ‘ಬನ್ನಿ ಅಮ್ಮ, ನೆರಳಲ್ಲಿ ಕೂತು ಮಾತಾಡೋಣ’ ಎಂದು ನಾನೇ ಮರದ ಕೆಳಗೆ ಕರೆದುಕೊಂಡು ಹೋದೆ. ಎಷ್ಟು ದೂರದಿಂದ ಬಂದಿರಿ, ಬಸ್ಸಿಗೆ ಎಷ್ಟಾಯಿತು, ಇಲ್ಲಿ ಏನಿದ್ದರೆ ಒಳ್ಳೆಯದು ಎಂದು ಒಂದೊಂದಾಗಿ ಕೇಳುತ್ತಾ ಹೋದೆ. ಆಕೆ ಸಮಾಧಾನದಿಂದಲೇ ಉತ್ತರಿಸಿದರು. ನಡುವೆ ಎರಡು ಸಲ ಕಿಟಕಿಯ ಕಡೆ ತಿರುಗಿ ‘ನನ್ನ ಹೆಸರು ಕೂಗಿದರೇನಮ್ಮಾ?’ ಎಂದರು. ಇಲ್ಲ ಎಂದೆ. ಕೂಗಿಯಾಗಿತ್ತು. ಆ ಮರದ ಬಳಿಗೆ ಕಿಟಕಿಯ ದನಿ ಮುಟ್ಟುವುದೇ ಇಲ್ಲ. ಆಕೆ ಓಡಿಹೋಗಿ ನಿಂತಾಗ ಆ ಸರದಿ ಮುಗಿದಿತ್ತು. ಎಷ್ಟು ಬೇಡಿಕೊಂಡರೂ ಆ ದಿನ ಮಗನ ಮುಖ ನೋಡಲು ಬಿಡಲಿಲ್ಲ.

ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೊತ್ತುಗೊತ್ತಿಲ್ಲದೆ ಮಾತಿಗೆ ಕೂರಿಸಿದ್ದಷ್ಟೇ ತಪ್ಪಲ್ಲ. ನಾವು ಅಷ್ಟರಲ್ಲಿ ಬರೆದು ಮುಗಿಸಿದ್ದ ನಕ್ಷೆಯಲ್ಲಿ ತಂಗುದಾಣ ಇದ್ದದ್ದು ಅದೇ ಹುಣಸೆಮರದ ಪಕ್ಕದಲ್ಲಿ. ನೆರಳು ಒಂದು ಕಡೆ, ಹೆಸರು ಕೇಳಿಸುವ ಜಾಗ ಇನ್ನೊಂದು ಕಡೆ. ಬಿಸಿಲಲ್ಲಿ ನಿಂತವರಿಗೆ ಇದು ಚೆನ್ನಾಗಿ ತಿಳಿದಿತ್ತು, ಅದಕ್ಕಾಗಿಯೇ ಅವರು ನಿಂತಿದ್ದರು. ನಾವು ಅದನ್ನು ಕಟ್ಟಿದ್ದರೆ ಅದರಲ್ಲಿ ಕೂತ ಪ್ರತಿಯೊಬ್ಬರೂ ಆ ತಾಯಿಯಂತೆ ಸರದಿ ಕಳೆದುಕೊಳ್ಳುತ್ತಿದ್ದರು. ಅವರು ಎಲ್ಲಿ ನಿಲ್ಲುತ್ತಾರೆ, ಯಾವ ಕಡೆ ಮುಖ ಮಾಡುತ್ತಾರೆ ಎಂದು ಸುಮ್ಮನೆ ನೋಡಿದ್ದರೆ ಸಾಕಿತ್ತು, ಪ್ರಶ್ನಾವಳಿಯೇ ಬೇಕಿರಲಿಲ್ಲ. ಆ ಘಟನೆಯ ನಂತರ ಕುಟುಂಬದವರು ನಮ್ಮೊಂದಿಗೆ ಮಾತು ನಿಲ್ಲಿಸಿದರು, ಒಪ್ಪಿಗೆಯೂ ರದ್ದಾಯಿತು. ಆ ವರ್ಷ ನನ್ನ ಯೋಜನೆ ಮುಗಿಯಲಿಲ್ಲ.

ಇನ್ನು ನಿಮ್ಮ ‘ಮಾನವೀಯ ಜೈಲು’. ದಯವಿಟ್ಟು ಅದನ್ನು ಕೈಬಿಡಿ. ಒಳ್ಳೆಯ ಬ್ಯಾರಕ್ ಹೇಗಿರಬೇಕು ಎಂಬುದು ಗೊತ್ತಿಲ್ಲದ ವಿಷಯವಲ್ಲ. 2016ರ ಮಾದರಿ ಕಾರಾಗೃಹ ಕೈಪಿಡಿಯಲ್ಲಿ ಒಂದು ಬ್ಯಾರಕ್‌ನಲ್ಲಿ 20ಕ್ಕಿಂತ ಹೆಚ್ಚು ಜನ ಇರಬಾರದು ಎಂದಿದೆ, ಒಬ್ಬೊಬ್ಬರಿಗೆ ಎಷ್ಟು ಚದರ ಮೀಟರ್ ಎಂಬುದೂ ಇದೆ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ಅಂಕಿ ಅಂಶಗಳ ಪ್ರಕಾರ ದೇಶದ ಜೈಲುಗಳು ಸಾಮರ್ಥ್ಯದ ಶೇ 131ರಷ್ಟು ತುಂಬಿದ್ದವು, ಒಳಗಿದ್ದವರಲ್ಲಿ ಸುಮಾರು ಮುಕ್ಕಾಲು ಪಾಲು ಇನ್ನೂ ತೀರ್ಪು ಬರದ ವಿಚಾರಣಾಧೀನರು. ಜಾಮೀನು ಸಿಕ್ಕರೂ ಶ್ಯೂರಿಟಿ ಕೊಡುವವರಿಲ್ಲದೆ ಉಳಿದವರು ಅವರಲ್ಲಿದ್ದಾರೆ. ಅವರಿಗೆ ನಿಮ್ಮ ಕಿಟಕಿಯ ಅಳತೆಯಿಂದ ಬಿಡುಗಡೆ ಸಿಗುವುದಿಲ್ಲ. ನೀವು ಇಪ್ಪತ್ತು ಜನರಿಗೆಂದು ಚೆಂದದ ಕೋಣೆ ಬರೆಯುತ್ತೀರಿ, ಅದರಲ್ಲಿ ನಲವತ್ತು ಜನರನ್ನು ತುಂಬುತ್ತಾರೆ.

ಸೆರೆಕೋಣೆ ಹೇಗಿರುತ್ತದೆಂದು ನೋಡಲೇಬೇಕಿದ್ದರೆ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಿ. ಅದು ಹಳೆಯ ಸೆಂಟ್ರಲ್ ಜೈಲು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಉದ್ಯಾನವಾಯಿತು, ಕಾವಲು ಗೋಪುರ ಇನ್ನೂ ಇದೆ. ತುರ್ತುಪರಿಸ್ಥಿತಿಯಲ್ಲಿ ಬಂಧಿತರಾದ ನಟಿ, ಹೋರಾಟಗಾರ್ತಿ ಸ್ನೇಹಲತಾ ರೆಡ್ಡಿಯವರು ಆ ಜೈಲಿನಲ್ಲಿ ಆಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇಂದು ಬೆಂಗಳೂರಿನ ಪ್ರತಿಭಟನೆಗಳಿಗೆ ಗೊತ್ತುಮಾಡಿಕೊಟ್ಟಿರುವುದೂ ಅದೇ ಜಾಗವನ್ನೇ. ಜಾಗ ಮತ್ತು ನ್ಯಾಯದ ಬಗ್ಗೆ ಬರೆಯುವವರು ಇದನ್ನು ದಾಟಿ ಹೋಗಬಾರದು.

ಅನುಮತಿಯ ವಿಷಯ: ಒಳಗೆ ಹೋಗಲು ಕಾಯುತ್ತಾ ವರ್ಷ ಕಳೆಯಬೇಡಿ. ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ, ಜೈಲಿಗೆ ಭೇಟಿ ಕೊಡುವ ವಕೀಲರನ್ನು ಮಾತಾಡಿಸಿ, ಕುಟುಂಬಗಳಿಗೆ ಎಲ್ಲಿ ಕಷ್ಟವಾಗುತ್ತದೆಂದು ಅವರಿಂದ ತಿಳಿಯಿರಿ. ಬಸ್ ನಿಲ್ದಾಣದಿಂದ ಗೇಟಿನವರೆಗೆ ಆ ಹೆಂಗಸರೊಂದಿಗೆ ನಡೆಯಿರಿ. ಶೌಚಾಲಯ ಎಲ್ಲಿದೆ, ಮೊಬೈಲ್ ಎಲ್ಲಿ ಬಿಡುತ್ತಾರೆ, ಅದಕ್ಕೆ ಅಂಗಡಿಯವನು ಎಷ್ಟು ಕೇಳುತ್ತಾನೆ, ಎಲ್ಲವನ್ನೂ ನಕ್ಷೆಗೆ ತನ್ನಿ. ಮಾತಾಡಿಸುವುದಾದರೆ ಅವರು ಸಂದರ್ಶನ ಮುಗಿಸಿ ಹೊರಬಂದ ಮೇಲೆ, ಊರಿನ ಬಸ್ಸಿಗೆ ಕಾಯುವಾಗ ಮಾತಾಡಿಸಿ.